ರೈಲಕ್ಕನ ಬ್ರೇಕು

ಕೆಳಗಿನ ಮನೆಯ ಅಜ್ಜಿ ನನ್ನ ಮೇಲೆ ದೂರು ಬರೆಸುತ್ತಿದ್ದಾರೆ ಎಂದು ನಾನು ಹನ್ನೊಂದು ದಿನ ನಂಬಿದ್ದೆ.

ನಂಬಲು ಕಾರಣವಿತ್ತು. ನಮ್ಮ ಬಾಲ್ಕನಿಯಲ್ಲಿ ಏಳು ಹೂಕುಂಡಗಳಿವೆ. ನೀರು ಹಾಕಿದರೆ ಅರ್ಧ ಗಿಡಕ್ಕೆ, ಇನ್ನರ್ಧ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಗೆ. ತೊಟ್ಟಿಕ್ಕಿದ ಕೂಡಲೇ ಆಕೆ ತಲೆಯೆತ್ತಿ ನೋಡುತ್ತಿದ್ದರು; ನಾನು ತಲೆಯನ್ನು ಒಳಗೆಳೆದುಕೊಳ್ಳುತ್ತಿದ್ದೆ. ಅವರ ಸಂಸಾರ ಆ ಮನೆಗೆ ಬಾಡಿಗೆಗೆ ಬಂದು ಮೂರು ತಿಂಗಳಾಗಿತ್ತು. ನಮ್ಮಿಬ್ಬರ ಪರಿಚಯ ಇಷ್ಟೇ. ಹೀಗಿರುವಾಗ ಒಂದು ಸಂಜೆ ಐದು ಗಂಟೆಗೆ ಕೆಳಗಿನಿಂದ ಒಂದು ಧ್ವನಿ ಏರಿ ಬಂತು. ಏರಿಳಿತವಿಲ್ಲದ, ಉಸಿರಿಗೂ ಬಿಡುವು ಕೊಡದ ಧ್ವನಿ.

“ಅವನು ಈ ಸಲವೂ ಸುಮ್ಮನೆ ತಲೆಯನ್ನು ಒಳಗೆ ಎಳೆದುಕೊಂಡನು ಫುಲ್‌ಸ್ಟಾಪ್ ಹೊಸ ಪ್ಯಾರಾ ಕೊಟೇಶನ್ ಶುರು ಅಯ್ಯಾ ಕಾಮಾ ನೀನು ಹೀಗೆ ಮಾಡಿದರೆ ನಾನೇನು ಮಾಡಲಿ ಪ್ರಶ್ನೆ ಕೊಟೇಶನ್ ಮುಗಿಯಿತು.”

ಕೈಯಲ್ಲಿದ್ದ ನೀರಿನ ಚೊಂಬು ಹಾಗೇ ನಿಂತಿತು. ಇಡೀ ಕಟ್ಟಡದಲ್ಲಿ ಹೊತ್ತಿಗೊಮ್ಮೆ ತಲೆ ಒಳಗೆಳೆದುಕೊಳ್ಳುವವನು ನಾನೊಬ್ಬನೇ. ಕಾಮಾ, ಫುಲ್‌ಸ್ಟಾಪ್ ಸಮೇತ ಹೇಳಿ ಬರೆಸುತ್ತಿದ್ದಾರೆಂದರೆ ಅದು ಯಾವುದೋ ದೊಡ್ಡ ಕಚೇರಿಗೆ ಹೋಗುವ ಕಾಗದವೇ ಸರಿ. ಮರುದಿನವೂ ಅದೇ ಹೊತ್ತಿಗೆ ಅದೇ ವಾಕ್ಯ. ಅದರ ಮರುದಿನವೂ. ಎಷ್ಟು ಪ್ರತಿ ಮಾಡಿಸುತ್ತಿರಬಹುದು ಎಂದು ಯೋಚಿಸುತ್ತಾ ನಾನು ಊಟ ಬಿಟ್ಟೆ ಎನ್ನಲಾರೆ. ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ.

“ದಿನಾ ಮುಕ್ಕಾಲು ಗಂಟೆ ಬರೆಸೋವಷ್ಟು ಏನಿದೆ ನಿಮ್ಮಲ್ಲಿ?” ಎಂದಳು ಹೆಂಡತಿ. ಆ ಮಾತು ದೂರಿಗಿಂತ ಹೆಚ್ಚು ಚುಚ್ಚಿತು.

ಹನ್ನೊಂದನೆಯ ಸಂಜೆ ತಡೆಯಲಾಗಲಿಲ್ಲ. ಕುಂಡದ ಕೆಳಗಿಡಲು ಏಳು ಪ್ಲಾಸ್ಟಿಕ್ ತಟ್ಟೆ ತಂದೆ. ಸಾಕ್ಷಿಗೆಂದು ಒಂದನ್ನು ಕೈಯಲ್ಲಿ ಹಿಡಿದು, ಕೆಳಗಿಳಿದು ಬಾಗಿಲು ತಟ್ಟಿದೆ. ತೆರೆದವರು ಅವರೇ. ಸಣ್ಣ ದೇಹ, ಬಿಳಿಗೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದು ಕಾಲು ಒಳಗೆ, ಒಂದು ಹೊಸ್ತಿಲಾಚೆ.

“ಏನಪ್ಪಾ, ತಟ್ಟೆ ಹಿಡ್ಕೊಂಡು ಬಂದಿದೀರಿ. ಮನೇಲಿ ಊಟ ಹಾಕ್ಲಿಲ್ವಾ?”

“ಇದು ಕುಂಡದ ಕೆಳಗಿಡೋಕೆ ಅಕ್ಕ. ಆ ದೂರಿನ ವಿಷಯ ಮಾತಾಡೋಣ ಅಂತ.”

“ಯಾವ ದೂರು?”

ಅವರ ಹಿಂದೆ ಮೇಜಿನ ಕೆಳಗೆ ಏಳು ವರ್ಷದ ಒಂದು ಹುಡುಗಿ ಅಂಗಾತ ಮಲಗಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಹಾಕಿಕೊಂಡು ಅಲ್ಲಾಡಿಸುತ್ತಿದ್ದಳು. ಮೇಜಿನ ಮೇಲೆ ಒಂದು ಚಿತ್ರದ ಪುಸ್ತಕ ತೆರೆದು ಬಿದ್ದಿತ್ತು. ದರ್ಜಿಯ ಅಂಗಡಿ, ಅದರ ಮುಂದೊಂದು ಆಮೆ. ತಲೆ ಒಳಗೆಳೆದುಕೊಂಡವನು ಆ ಆಮೆ. ಹನ್ನೊಂದು ದಿನ ನಾನು ಒಂದು ಆಮೆಯ ಪರವಾಗಿ ಬೆವರಿದ್ದೆ. ಸಮಾಧಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ, ನನ್ನ ಬಗ್ಗೆ ಯಾರೂ ಏನೂ ಬರೆಸುತ್ತಿಲ್ಲ ಎಂದು ತಿಳಿದು ಸ್ವಲ್ಪ ಬೇಸರವೇ ಆಯಿತು.

“ಕೂತ್ಕೊಳ್ಳಿ” ಎಂದು ಅವರು ಮಾತ್ರ ನಿಂತೇ ಇದ್ದರು. “ಇನ್ನು ಮೂವತ್ತೊಂದು ದಿನ ಉಳಿದಿದೆ.”

ಯಾವುದಕ್ಕೆ ಎಂದು ತಿಳಿಯಲು ನನಗೆ ಅರ್ಧ ಗಂಟೆ ಬೇಕಾಯಿತು. ಅವರು ಒಂದು ವಾಕ್ಯ ಹೇಳಿ ಒಲೆಯ ಮೇಲಿನ ಹಾಲು ನೋಡಲು ಹೋಗುತ್ತಿದ್ದರು. ಇನ್ನೊಂದು ಹೇಳಿ ಬಾಗಿಲ ಚಿಲಕ ನೋಡುತ್ತಿದ್ದರು. ಮೂರನೆಯದರ ನಡುವೆ ಹೋಗಿ, ಎರಡು ನಿಮಿಷದ ಹಿಂದೆ ನೋಡಿದ ಗಡಿಯಾರವನ್ನೇ ಮತ್ತೆ ನೋಡಿ ಬರುತ್ತಿದ್ದರು.

ಒಂದು ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಅವರ ಕೆಲಸ ಗಟ್ಟಿಯಾಗಿ ಓದುವುದು. ಬರೆದುಕೊಟ್ಟ ಮೂಲ ಪ್ರತಿ ಅವರ ಕೈಯಲ್ಲಿ. ಅಚ್ಚಾದ ಕರಡು ಎದುರು ಕೂತ ಪ್ರೂಫ್ ರೀಡರ್ ಕೈಯಲ್ಲಿ. ಇವರು ಒಂದಕ್ಷರ ಬಿಡದೆ, ಕಾಮಾ ಫುಲ್‌ಸ್ಟಾಪ್ ಸಮೇತ ಓದುತ್ತಾ ಹೋಗಬೇಕು. ಆತ ಕರಡಿನ ಮೇಲೆ ಕಣ್ಣು ಓಡಿಸುತ್ತಾ ತಪ್ಪು ಕಂಡಲ್ಲಿ ಕೆಂಪು ಗುರುತು ಹಾಕಬೇಕು. ಗುರುತು ಹಾಕಲು ಹೊತ್ತು ಬೇಕಾದರೆ ಪೆನ್ನಿನಿಂದ ಮೇಜಿಗೆ ಒಂದು ಸಲ ಟಕ್ ಎನ್ನಿಸುತ್ತಾನೆ, ನಿಲ್ಲಬೇಕು. ಎರಡು ಸಲ ಟಕ್ ಟಕ್ ಎಂದರೆ ಮುಂದಕ್ಕೆ. ಮಿಷನ್ನಿನ ಗದ್ದಲದಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಉಪ್ಪಿನ ಕಾರ್ಖಾನೆಯ ವರದಿ, ಕಾನೂನು, ಕಾದಂಬರಿ, ಕೋಳಿ ಸಾಕಣೆ, ಎಲ್ಲವನ್ನೂ ಒಂದೇ ವೇಗದಲ್ಲಿ ಓದಿದ್ದಕ್ಕೆ ಅಲ್ಲಿ ಅವರಿಗೆ ರೈಲಕ್ಕ ಎಂಬ ಹೆಸರು ಬಿದ್ದಿತ್ತು. ಸ್ವಂತ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತಂತೆ.

ಪ್ರೆಸ್ಸಿಗೆ ಕಂಪ್ಯೂಟರ್ ಬಂದಮೇಲೆ ರೈಲಕ್ಕ ಮಗಳ ಸಂಸಾರ ಸೇರಿಕೊಂಡರು. ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಬೆಳಗ್ಗೆ ಒಂಬತ್ತರಿಂದ ನಿಂತು ಸಂಜೆ ಏಳಕ್ಕೆ ಮನೆಗೆ ಬರುವವಳು. ಅಳಿಯ ಲಾರಿಯ ಮೇಲೆ, ತಿಂಗಳಿಗೆ ಇಪ್ಪತ್ತು ದಿನ ದಾರಿಯಲ್ಲಿ. ಹಾಗಾಗಿ ಚೂಟಿ ಎಂದು ಕರೆಯುವ ಮೊಮ್ಮಗಳಿಗೆ ಓದು ಕಲಿಸಿದ್ದು ಅಜ್ಜಿ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಚೂಟಿ ಐದು ವರ್ಷಕ್ಕೇ ಓದಿದಳು. ಆರಕ್ಕೆ ದಿನಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದರೂ ಓದಿದಳು. ಬಂದವರ ಮುಂದೆಲ್ಲ ಅವಳನ್ನು ನಿಲ್ಲಿಸಿ ಓದಿಸುವುದು, ಅವರು ಬಾಯಿ ಬಿಡುವುದು, ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೀಗುವುದು ನಡೆದಿತ್ತು.

ಒಂದು ದಿನ ಶಾಲೆಯಿಂದ ಕರೆ ಬಂತು. ಎರಡನೇ ಕ್ಲಾಸಿನ ಟೀಚರ್ ಚೂಟಿಯಿಂದ ಒಂದು ಪುಟ ಓದಿಸಿದರು. ಒಂದು ತಪ್ಪಿಲ್ಲ. ತಾಯಿಯೂ ಅಜ್ಜಿಯೂ ಮುಖ ಮುಖ ನೋಡಿಕೊಂಡರು, ಬಹುಮಾನಕ್ಕೆ ಕರೆದಿರಬೇಕು ಎಂದು.

“ಈಗ ಹೇಳು ಮರಿ, ಮೆಟ್ಟಿಲ ಮೇಲೆ ಬಿದ್ದೋರು ಯಾರು?”

“ಯಾವಾಗ ಟೀಚರ್?”

“ಈಗ ಓದಿದ್ಯಲ್ಲ, ಅದ್ರಲ್ಲಿ.”

ಚೂಟಿ ಪುಟವನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಶುರುಮಾಡಿದಳು. ಅದೇ ವೇಗ, ಕಾಮಾ ಸಮೇತ. ಮೆಟ್ಟಿಲ ಮೇಲೆ ಬಿದ್ದವರು ಮತ್ತೊಮ್ಮೆ ಬಿದ್ದರು. ಅವಳಿಗೆ ಈ ಸಲವೂ ಗೊತ್ತಾಗಲಿಲ್ಲ.

ಟೀಚರ್ ಒಳ್ಳೆಯವರು, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ. “ಇವಳು ಓದೋದಿಲ್ಲ, ಶಬ್ದ ಮಾಡ್ತಾಳೆ. ಆರು ವಾರ ಬಿಟ್ಟು ನಾನೊಂದು ಪಾಠ ಓದಿ ಹೇಳ್ತೀನಿ. ಕೇಳಿದ್ದಕ್ಕೆ ಉತ್ತರ ಕೊಟ್ರೆ ಮೂರನೇ ಕ್ಲಾಸು. ಇಲ್ಲಾಂದ್ರೆ ಇನ್ನೊಂದು ವರ್ಷ ಎರಡರಲ್ಲೇ ಕೂತ್ಕೊಳ್ಳಲಿ.”

ರೈಲಕ್ಕ ಆವತ್ತೇ ಹೋಗಿ ಆಮೆಯ ಪುಸ್ತಕ ತಂದರು. ಓದಿದ್ದು ಸಾಲಲಿಲ್ಲ ಎಂಬುದು ಅವರ ತೀರ್ಮಾನ. ದಿನಕ್ಕೆರಡು ಸಲ, ಗಟ್ಟಿಯಾಗಿ. ನನಗೆ ನಿದ್ದೆ ಕೆಡಿಸಿದ್ದು ಆ ಪಾರಾಯಣ.

“ನೀವು ಪುಸ್ತಕ ಬರೆದೋರಲ್ವಾ?” ಎಂದು ಅವರು ಇದ್ದಕ್ಕಿದ್ದಂತೆ ಕೇಳಿದರು. “ನಮ್ಮ ಪ್ರೆಸ್ಸಲ್ಲೇ ಅಚ್ಚಾಗಿದ್ದು. ನಾನೇ ಎರಡು ಸಲ ಓದಿದೀನಿ.”

ನನ್ನ ಮುಖ ಅರಳಿರಬೇಕು. “ಹೌದಾ ಅಕ್ಕ? ಹೇಗಿತ್ತು?”

“ಕಾಮಾ ಜಾಸ್ತಿ.” ಅಷ್ಟು ಹೇಳಿ ಮೇಜಿನ ಕೆಳಗೆ ಕೈ ತೋರಿಸಿದರು. “ನೀವೇ ಇವಳನ್ನ ಏನಾದ್ರೂ ಕೇಳಿ ನೋಡಿ.”

ನಾನು ಬಗ್ಗಿ, “ಆಮೆ ದರ್ಜಿ ಹತ್ರ ಯಾಕೆ ಹೋಯ್ತು ಮರಿ?” ಎಂದೆ. ಚೂಟಿ ಕಾಲು ಅಲ್ಲಾಡಿಸುತ್ತಲೇ ಮೊದಲ ಪುಟವನ್ನು ಪೂರ್ತಿ ಒಪ್ಪಿಸಿದಳು. ಯಾಕೆ ಎಂಬುದು ಅದರೊಳಗೇ ಎಲ್ಲೋ ಇತ್ತು. ಅವಳು ಅಲ್ಲಿ ಇಳಿಯಲಿಲ್ಲ.

“ಅಕ್ಕ, ನೀವೇ ಒಂಚೂರು ಸುಳಿವು ಕೊಡಿ” ಎಂದೆ.

ರೈಲಕ್ಕ ಪುಸ್ತಕದ ಕಡೆ ಕೈ ಚಾಚಿದರು, ಹಿಂದೆಗೆದುಕೊಂಡರು. “ಕೋಟು ಅಂತ ಬರುತ್ತೆ” ಎಂದರು. “ಯಾರಿಗೆ ಅಂತ...” ಹನ್ನೊಂದು ದಿನ, ದಿನಕ್ಕೆರಡು ಸಲ ಅವರು ಆ ಆಮೆಯನ್ನು ದರ್ಜಿಯ ಅಂಗಡಿಗೆ ಕರೆದೊಯ್ದಿದ್ದರು. ಅದಕ್ಕೆ ಚಳಿಯಾಗಿದೆ ಎಂದು ಅವರಿಗೂ ತಿಳಿದಿರಲಿಲ್ಲ.

ಆಗ ಅವರು ಕೂತರು, ಪೂರ್ತಿ, ಬೆನ್ನು ಕುರ್ಚಿಗೆ ತಾಗುವ ಹಾಗೆ. ಅವರು ಹಾಗೆ ಕೂತಿದ್ದನ್ನು ನಾನು ಮತ್ತೆ ನೋಡಿಲ್ಲ.

“ಸೇರಿದ ಎರಡನೇ ವರ್ಷ ಒಂದು ಕಾದಂಬರಿ ಬಂದಿತ್ತು. ಒಬ್ಬ ತಾಯಿ ಆಸ್ಪತ್ರೆಲಿ ಕಳ್ಕೊಂಡ ಮಗೂನ ಹುಡುಕ್ತಾಳೆ. ಸಿಗುತ್ತೋ ಇಲ್ವೋ ಅಂತ ನಾನು ಓದ್ತಾ ಓದ್ತಾ ನಿಧಾನ ಮಾಡಿದೆ. ಆ ಪುಟದಲ್ಲಿ ಮೂರು ತಪ್ಪು ಉಳ್ಕೊಂಡ್ವು. ಫೋರ್‌ಮನ್ ಬಂದು, ‘ನಿಂಗೆ ಅರ್ಥ ಮಾಡ್ಕೊಳ್ಳೋಕೆ ಸಂಬಳ ಕೊಡ್ತಿಲ್ಲಮ್ಮ, ಓದೋಕೆ ಕೊಡ್ತಿರೋದು’ ಅಂದ. ಉಳಿದ ಪುಟಗಳನ್ನ ಬೇರೆಯವರಿಗೆ ಕೊಟ್ರು. ಆವತ್ತಿಂದ ಕಣ್ಣಿಂದ ಸೀದಾ ಬಾಯಿಗೆ. ಮಧ್ಯೆ ಎಲ್ಲೂ ಇಳಿಸ್ಕೊಳ್ಳಲ್ಲ.”

“ಮಗು ಸಿಕ್ತಾ?”

“ನಂಗೇನಪ್ಪ ಗೊತ್ತು? ನಾನು ಕಾನೂನಿನ ಪುಸ್ತಕಕ್ಕೆ ಹೋದೆ.” ಎದ್ದು ಗಡಿಯಾರ ನೋಡಲು ಹೊರಟರು. “ಕೆಡಿಸಿದ್ದು ನಾನೇ ಅಂತಾಯ್ತು.”

ಇಂಥ ಹೊತ್ತಿನಲ್ಲಿ ಉಪಾಯ ಹೇಳದೆ ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಮಕ್ಕಳಿಗೆ ಕಥೆಯನ್ನು ಭಾವ ತುಂಬಿ, ಅಭಿನಯಿಸಿ ಓದಬೇಕು ಎಂದೆ. ಮಾದರಿ ತೋರಿಸಲು ಮರುದಿನ ನಾನೇ ಕೂತೆ. ಆಮೆಗೊಂದು ಗೊಗ್ಗರು ಧ್ವನಿ, ದರ್ಜಿಗೊಂದು ಕೀರಲು ಧ್ವನಿ, ಗಾಳಿಗೆ ಪ್ರತ್ಯೇಕವಾಗಿ ಒಂದು ಸಿಳ್ಳು. ಎರಡನೇ ಪುಟಕ್ಕೆ ಚೂಟಿ ಮೇಜಿನ ಕೆಳಗಿಂದ ತಲೆ ಹೊರಹಾಕಿ, “ಮಾಮ, ನಿಮಗೆ ಗಂಟಲು ನೋವಾ?” ಎಂದಳು. ಅಜ್ಜಿ ಬಿಸಿನೀರು ತಂದುಕೊಟ್ಟರು. ನನ್ನ ಅಧ್ಯಾಪನ ಅಲ್ಲಿಗೆ ಮುಗಿಯಿತು.

ಒಂದು ವಾಕ್ಯ ಓದಿ ನಿಲ್ಲಿಸಿ, ಮಗು ಏನು ಹೇಳುತ್ತೋ ಕೇಳಿ, ಎಂದು ನನ್ನ ಹೆಂಡತಿ ಹೇಳಿಕಳಿಸಿದಳು. ಅದು ಸರಿಯಾದ ಮಾತೇ. ಆದರೆ ರೈಲಕ್ಕನಿಗೆ ನಿಲ್ಲಲು ಬರುತ್ತಿರಲಿಲ್ಲ. ಮೊದಲ ವಾಕ್ಯಕ್ಕೆ ನಿಲ್ಲುವರು, ಎರಡನೆಯದಕ್ಕೆ ತಡವರಿಸುವರು, ಮೂರನೆಯದಕ್ಕೆ ಬಿಟ್ಟ ಬಾಣ. “ನಿಂತ್ರೆ ಎದೆ ಹೊಡ್ಕೊಳ್ಳುತ್ತಪ್ಪ. ಮಿಷನ್ನು ಖಾಲಿ ತಿರುಗ್ತಿದೆ ಅನ್ಸುತ್ತೆ. ಯಾರೋ ಬೈತಾರೆ ಅನ್ಸುತ್ತೆ.” ಮಗುವಿನ ಕಾಲಾಟ, ಅಜ್ಜಿಯ ಓಡಾಟ; ಮೇಲೆ ನಾನು ಬಾಲ್ಕನಿಯಲ್ಲಿ ನಿಂತು ಇವತ್ತಾದರೂ ನಿಲ್ಲಿಸುತ್ತಾರಾ ಎಂದು ಕಿವಿಗೊಡುವುದು. ಗಿಡಗಳಿಗೆ ಒಂದೇ ದಿನ ಮೂರು ಸಲ ನೀರು ಬೀಳತೊಡಗಿತು. ಕೆಳಗೆ ತಟ್ಟೆಗಳಿದ್ದುದು ಪುಣ್ಯ.

ಇಪ್ಪತ್ತು ದಿನ ಉಳಿದಾಗ ಮಗಳು ಚಪ್ಪಲಿ ಬಿಚ್ಚುತ್ತಲೇ ಮಾತು ಮುಗಿಸಿದಳು. “ಅಮ್ಮಾ, ಇನ್ನು ನೀನು ಅವಳಿಗೆ ಓದಬೇಡ. ಒಂದನೇ ತಾರೀಕಿಂದ ಟ್ಯೂಷನ್ನಿಗೆ ಹಾಕ್ತೀನಿ.” ರೈಲಕ್ಕ ಪುಸ್ತಕವನ್ನು ಬೀರುವಿನ ಮೇಲಿಟ್ಟು, ಕೈಗೆ ಕೆಲಸವಿಲ್ಲದೆ ಮಡಚಿದ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಚುತ್ತಿದ್ದರಂತೆ.

ಮರುದಿನ ಭಾನುವಾರ. ಬೆಳಗ್ಗೆ ಅವರ ಹಳೆಯ ಜೋಡಿ ಪ್ರೂಫ್ ರೀಡರ್ ಬಂದರು. ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದ ಅವರನ್ನು ಪ್ರೆಸ್ಸಿನಲ್ಲಿ, ಕೆಂಪು ಇಂಕಿನ ಪೆನ್ನು ಹಿಡಿದ ಅಣ್ಣ ಎಂದು, ಕೆಂಪಿಂಕಣ್ಣ ಎನ್ನುತ್ತಿದ್ದರು. ಬಗಲಲ್ಲಿ ಆವತ್ತಿನ ಪತ್ರಿಕೆ. ನಾನು ಪತ್ರಿಕೆ ಕೇಳಲೆಂದೇ ಕೆಳಗಿಳಿದವನು, ಅಲ್ಲೇ ಕೂತೆ.

“ಡಾಕ್ಟ್ರು ಒಂದು ತಿಂಗಳು ಓದಬೇಡ ಅಂದಿದಾರೆ. ನಿಧನ ವಾರ್ತೆ ಓದು ರೈಲಕ್ಕ, ನಮ್ಮೋರು ಯಾರಾದ್ರೂ ಹೊರಟ್ರಾ ನೋಡೋಣ.”

ರೈಲಕ್ಕ ನಿಂತಲ್ಲೇ ಪತ್ರಿಕೆ ಹಿಡಿದು ಹೊರಟೇಬಿಟ್ಟರು. ಹೆಸರು, ವಯಸ್ಸು, ಬಳಗ, ಕಾಮಾ, ಫುಲ್‌ಸ್ಟಾಪ್. ಕೆಂಪಿಂಕಣ್ಣ ಟೀ ಕಲಕುತ್ತಿದ್ದವರು ಚಮಚದಿಂದ ಸಾಸರಿಗೆ ಒಂದು ಸಲ ಟಕ್ ಎನ್ನಿಸಿದರು.

“ದೀರ್ಘಕಾಲದ ಅನಾರೋಗ್ಯದಿಂ” ಎಂದು ರೈಲಕ್ಕ ನಿಂತರು. ಅಕ್ಷರದ ನಡುವೆಯೇ, ಬಾಯಿ ಅರ್ಧ ತೆರೆದೇ.

“ವಯಸ್ಸು ಎಷ್ಟಂದೆ?”

“ಎಂಬತ್ತೊಂದು.”

“ಮೇಲೆ ಎಂಬತ್ತೆರಡು ಅಂದೆ. ಮುದುಕ ಹೋಗ್ತಾ ಹೋಗ್ತಾ ಒಂದು ವರ್ಷ ಉಳಿಸ್ಕೊಂಡಿದಾನೆ.” ಟಕ್ ಟಕ್.

“ದ ನಿಧನರಾದರು ಫುಲ್‌ಸ್ಟಾಪ್.”

ಮೇಜಿನ ಕೆಳಗೆ ಕಾಲಾಟ ನಿಂತಿತ್ತು. ಚೂಟಿ ತೆವಳಿಕೊಂಡು ಹೊರಗೆ ಬಂದಳು. ಕೆಂಪಿಂಕಣ್ಣನ ಕೈಯಿಂದ ಚಮಚವನ್ನು ಮೆಲ್ಲಗೆ ತೆಗೆದುಕೊಂಡು, ಅಜ್ಜಿಯನ್ನೇ ನೋಡುತ್ತಾ ಸಾಸರಿಗೆ ಒಂದು ಏಟು ಕೊಟ್ಟಳು. ಅಜ್ಜಿ ನಿಂತರು. ಎರಡು ಏಟು. ಹೊರಟರು. ಒಂದು. ನಿಂತರು.

“ಅಜ್ಜಿ ನಿಂತೋಗುತ್ತೆ” ಎಂದಳು ಚೂಟಿ, ತನಗೆ ತಾನೇ.

“ಇಷ್ಟು ದಿನ ಇದು ಗೊತ್ತಿರ್ಲಿಲ್ವಾ ನಿಂಗೆ?” ಎಂದರು ಕೆಂಪಿಂಕಣ್ಣ. “ನಿಮ್ಮಜ್ಜಿಗೆ ಬಾಯಲ್ಲಿ ಹೇಳಿದ್ರೆ ಕೇಳ್ಸಲ್ಲ. ನಾನು ಇಪ್ಪತ್ತಾರು ವರ್ಷ ಹೀಗೇ ಸಂಸಾರ ಮಾಡಿದ್ದು. ನಮ್ಮನೆಯವಳ ಹತ್ರ ಮಾತ್ರ ಇದು ನಡೀಲಿಲ್ಲ.”

ಬೀರುವಿನ ಮೇಲಿಂದ ಆಮೆ ಕೆಳಗಿಳಿಯಿತು.

ಮೊದಲ ಸಂಜೆ ಒಂದೇ ಪುಟಕ್ಕೆ ನಲವತ್ತಕ್ಕೂ ಹೆಚ್ಚು ಏಟು ಬಿತ್ತು. ಅಷ್ಟೂ ಕಿಡಿಗೇಡಿತನ. ಜೀವನದಲ್ಲಿ ಮೊದಲ ಸಲ ಒಬ್ಬ ದೊಡ್ಡವರನ್ನು ನಿಲ್ಲಿಸುವ ಅಧಿಕಾರ ಸಿಕ್ಕಿತ್ತಲ್ಲ. ಏಳು ಗಂಟೆಗೆ ಬಂದ ಮಗಳು ಬಾಗಿಲಲ್ಲೇ ನಿಂತು, “ಇದೇನಮ್ಮಾ, ಬಡಗಿ ಕೆಲಸ ಹಿಡಿದಿದೀರಾ?” ಎಂದಳು. ಎರಡನೆಯ ಸಂಜೆ ರೈಲಕ್ಕ ಪ್ರೆಸ್ಸಿನ ನಿಯಮ ಹೊರಡಿಸಿದರು. “ಅಲ್ಲಿ ಸುಮ್‌ಸುಮ್ನೆ ತಟ್ಟಿದೋರು ಟೀ ಕೊಡಿಸ್ಬೇಕಿತ್ತು. ಇಲ್ಲಿ ತಟ್ಟಿದ್ರೆ ಕಾರಣ ಹೇಳಬೇಕು.”

ಕಾರಣ ಬೇಕೆಂದರೆ ಪುಟ ನೋಡಬೇಕು. ಚೂಟಿ ನೋಡಿದಳು. ಟಕ್. “ಈ ಟೇಪು ಯಾಕೆ ನೆಲದ ಮೇಲೆ ಬಿದ್ದಿದೆ?”

ರೈಲಕ್ಕನಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿಗೆ ಹೋಗಿ ಓದಿದರು, ಈ ಸಲ ತಾವೂ ಕೇಳಿಸಿಕೊಳ್ಳುತ್ತಾ. ಕಥೆ ಇಷ್ಟೇ: ಚಳಿಗೆ ಆಮೆ ಕೋಟು ಹೊಲಿಸಲು ಹೋಗುತ್ತದೆ. ದರ್ಜಿ ಅಳತೆಯ ಟೇಪನ್ನು ಕುತ್ತಿಗೆಯ ಹತ್ತಿರ ತಂದಾಗಲೆಲ್ಲ ಹೆದರಿ ತಲೆ ಒಳಗೆಳೆದುಕೊಳ್ಳುತ್ತದೆ. ಟೇಪು ಜಾರಿ ಬೀಳುತ್ತದೆ. ನಾಲ್ಕು ದಿನ ಹೀಗೇ ಆಗಿ, ಕೊನೆಗೆ ದರ್ಜಿ ಕೋಟು ಬಿಟ್ಟು ಒಂದು ಮಫ್ಲರ್ ಹೊಲಿದುಕೊಡುತ್ತಾನೆ. ಆಮೆ ಖುಷಿಯಿಂದ ಮನೆಗೆ ಹೋಗುತ್ತದೆ. ಕೋಟು ಬಿಟ್ಟು ಮಫ್ಲರ್ ಯಾಕೆ ಎಂದು ಪುಸ್ತಕ ಹೇಳುವುದಿಲ್ಲ. ಅದಕ್ಕೆ ಎರಡು ಸಂಜೆ ಹಿಡಿಯಿತು. ಚೂಟಿಯ ಕುತ್ತಿಗೆ, ನೀರಿನ ಡ್ರಮ್ಮು, ನನ್ನ ಸೊಂಟ, ಎಲ್ಲದಕ್ಕೂ ಅಳತೆ ಟೇಪು ಸುತ್ತಿ ನೋಡಿದರು. (ನನ್ನದೂ ಡ್ರಮ್ಮಿನದೂ ಅಷ್ಟೇನು ಅಂತರ ಬರಲಿಲ್ಲವೆಂದು ಚೂಟಿ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿದಳು.) ಕೊನೆಗೆ ಅವಳೇ ಕಂಡುಹಿಡಿದಳು: ಆಮೆಯ ಮೈಮೇಲೆ ಚಿಪ್ಪಿದೆ, ಅದೇ ಅದರ ಕೋಟು, ಚಳಿ ಇರುವುದು ಕುತ್ತಿಗೆಗೆ ಮಾತ್ರ.

ಟ್ಯೂಷನ್ನಿನ ಮಾತು ಯಾವಾಗ ಬಿದ್ದುಹೋಯಿತೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಒಂದು ಸಂಜೆ ಮಗಳು ಊದಿದ ಕಾಲನ್ನು ಚಾಚಿ ಗೋಡೆಗೊರಗಿ ಟೀ ಕುಡಿಯುತ್ತಿದ್ದವಳು ಲೋಟವನ್ನು ನೆಲಕ್ಕೆ ಕುಟ್ಟಿದಳು. ಅಜ್ಜಿ ನಿಂತರು. “ಅಲ್ಲಮ್ಮಾ, ನಾಲ್ಕು ದಿನ ಒಂದೇ ಗಿರಾಕಿ ಹಿಡ್ಕೊಂಡು ಕೂತಿದಾನಲ್ಲ, ಹಿಂದೆ ನಿಂತೋರು ಬೈಯಲ್ವಾ ಆ ದರ್ಜಿನ?” ಕೌಂಟರಿನವಳ ಪ್ರಶ್ನೆ. ಆಮೇಲೆ ಟ್ಯೂಷನ್ ಎಂಬ ಶಬ್ದ ಕೇಳಲಿಲ್ಲ.

ಇನ್ನು ಒಂಬತ್ತು ದಿನ ಎನ್ನುವಾಗ ಚೂಟಿ ಕೊನೆಯ ಪುಟಕ್ಕೆ ತಟ್ಟಿದಳು.

“ಅಜ್ಜಿ, ಆಮೆ ಮತ್ತೆ ತಲೆ ಒಳಗೆ ಎಳ್ಕೊಂಡ್ರೆ ಮಫ್ಲರ್ ಎಲ್ಲಿ ಹೋಗುತ್ತೆ?”

ಮರುದಿನ ಬೆಳಗ್ಗೆ ಆರೂವರೆಗೆ ನಮ್ಮ ಮನೆಯ ಬಾಗಿಲು ಬಡಿಯಿತು. ರೈಲಕ್ಕ ಕೈಯಲ್ಲೊಂದು ಉಣ್ಣೆಯ ಮಫ್ಲರ್ ಹಿಡಿದು ನಿಂತಿದ್ದರು.

“ಇದನ್ನ ಸುತ್ಕೊಂಡು ತಲೆ ಒಳಗೆ ಎಳ್ಕೊಳ್ಳಿ ನೋಡೋಣ.”

“ನಾನಾ?”

“ಮತ್ಯಾರು? ಬಾಲ್ಕನಿಲಿ ನಿಮಗೆ ಅಭ್ಯಾಸ ಇದೆಯಲ್ಲ.”

ಅಂದರೆ ಆ ಮೂರು ತಿಂಗಳೂ ನೋಡಿದ್ದರು. ನಾನು ಭುಜವನ್ನು ಕಿವಿಯ ತನಕ ಏರಿಸಿ, ಗದ್ದವನ್ನು ಎದೆಗೆ ಒತ್ತಿ ನಿಂತೆ. ಅವರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಮಫ್ಲರ್ ಮೂಗಿನ ಮೇಲೆ ಬಂತು. “ಉಸಿರು ಕಟ್ಟುತ್ತಾ?” ಹೂಂ ಎಂದೆ. “ಹಾಗಾದ್ರೆ ಇದಲ್ಲ” ಎಂದು ಬಿಚ್ಚಿಕೊಂಡು ಹೊರಟರು. ಹೆಂಡತಿ ಹಿಂದಿನಿಂದ ನೋಡುತ್ತಿದ್ದಳು. “ನಿಮಗೆ ಒಪ್ಪುವ ಕೆಲಸ ಕೊನೆಗೂ ಸಿಕ್ತು” ಎಂದಳು.

ಟೀಚರ್ ಗೊತ್ತುಮಾಡಿದ ದಿನ ಮಗಳಿಗೆ ರಜೆ ಸಿಗಲಿಲ್ಲ. “ಜೊತೆಗೆ ಯಾರಾದ್ರೂ ದೊಡ್ಡವರು ಇರಲಿ” ಎಂದು ನನ್ನನ್ನು ಕರೆದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಶಾಲೆಯ ಕಾರಿಡಾರಿನಲ್ಲಿ ಇದ್ದದ್ದು ಒಂದನೇ ಕ್ಲಾಸಿನ ಬೆಂಚು. ಕೂತರೆ ಮಂಡಿ ಗದ್ದಕ್ಕೆ ಬರುತ್ತಿತ್ತು. ರೈಲಕ್ಕ ಕೂರಲಿಲ್ಲ. ನೀರಿನ ಫಿಲ್ಟರಿನಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ, ಕಿಟಕಿಯಿಂದ ಫಿಲ್ಟರಿಗೆ ಹದಿನಾಲ್ಕು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಟೀಚರ್ ಓದುತ್ತಿದ್ದರು, ಸ್ಪಷ್ಟವಾಗಿ, ಹದವಾಗಿ. ಇರುವೆಗೆ ಅಡು‍ಗೆಮನೆಯಲ್ಲಿ ಒಂದು ಸಕ್ಕರೆ ಹರಳು ಸಿಕ್ಕಿತು. ಅದನ್ನು ಹೊತ್ತು ಮನೆಗೆ ಹೊರಟಿತು. ದಾರಿಯಲ್ಲಿ ಮಳೆ ಬಂತು. ಆದರೂ ಇರುವೆ ಎದೆಗುಂದದೆ ನಡೆಯಿತು.

ಟಕ್.

ಕಾರಿಡಾರಿನಲ್ಲಿ ರೈಲಕ್ಕ ಒಂದು ಕಾಲು ಎತ್ತಿದಂತೆಯೇ ನಿಂತರು. ಒಳಗೆ ಟೀಚರ್ ನಿಲ್ಲಲಿಲ್ಲ. ಇನ್ನೊಂದು ಟಕ್, ಪೆನ್ಸಿಲಿನದು, ಸ್ವಲ್ಪ ಜೋರಾಗಿ.

“ಕೈ ಸುಮ್ನಿರಲಿ ಮರಿ” ಎಂದು ಟೀಚರ್ ಮುಂದಕ್ಕೆ ಓದಿದರು. ಚೂಟಿ ಪೆನ್ಸಿಲ್ ಕೆಳಗಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಕಾಲು ಅಲ್ಲಾಡತೊಡಗಿತು. ಇರುವೆ ಮನೆ ಸೇರಿತು, ಮರಿಗಳು ಸಕ್ಕರೆ ತಿಂದವು. ಅವಳ ಕಣ್ಣು ಕಿಟಕಿಯಾಚೆ ಹೋಗಿತ್ತು. ನಾನು ರೈಲಕ್ಕನ ಮುಖ ನೋಡಿದೆ. ಬಣ್ಣ ಇಳಿದಿತ್ತು. ತಟ್ಟಿದ ಮೇಲೂ ಓದುತ್ತಾ ಹೋದರೆ ಆಮೇಲಿನದೆಲ್ಲ ವ್ಯರ್ಥ ಎಂದು ಅವರ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಬೇಡ ಎನ್ನುವಷ್ಟರಲ್ಲಿ ಅವರು ಒಳಗಿದ್ದರು.

“ಟೀಚರ್, ಅವಳು ತಟ್ಟಿದಾಳೆ.”

“ಅಜ್ಜಿ, ನೀವು ಹೊರಗಿರಬೇಕು.”

“ಇರ್ತೀನಮ್ಮ. ಆದ್ರೆ ಅವಳು ತಟ್ಟಿದಾಳೆ. ನೀವು ಮುಂದೆ ಹೋಗ್ಬಿಟ್ರಿ, ಅವಳು ಅಲ್ಲೇ ಮಳೇಲಿ ನಿಂತಿದಾಳೆ.”

ಟೀಚರ್ ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಚೂಟಿಯ ಕಡೆ ತಿರುಗಿದರು. “ಯಾಕೆ ತಟ್ಟಿದೆ?”

ಚೂಟಿ ಅಜ್ಜಿಯನ್ನು ನೋಡಿದಳು, ಟೀಚರನ್ನು ನೋಡಿದಳು. “ಮಳೇಲಿ ಸಕ್ಕರೆ ಕರಗಲ್ವಾ ಟೀಚರ್?”

ಟೀಚರ್ ಪುಟ ನೋಡಿದರು. ಒಂದು ಪುಟ ಹಿಂದಕ್ಕೆ ತಿರುಗಿಸಿದರು. ಮುಂದಕ್ಕೂ ತಿರುಗಿಸಿದರು. “ಒಂಬತ್ತು ವರ್ಷದಿಂದ ಈ ಪಾಠ ಮಾಡ್ತಿದೀನಿ” ಎಂದರು ಮೆಲ್ಲಗೆ, ನಮ್ಮಲ್ಲಿ ಯಾರಿಗೂ ಅಲ್ಲ. ರೈಲಕ್ಕ ಮೌನವನ್ನು ತಾಳಲಾರದೆ ಸೆರಗಿನ ಅಂಚನ್ನು ತಿರುಚುತ್ತಿದ್ದರು. ಆದರೂ ಬಾಯಿ ತೆರೆಯಲಿಲ್ಲ.

“ನಿಂಗೇನನ್ಸುತ್ತೆ?” ಎಂದು ಟೀಚರೇ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಕೇಳಿದರು.

“ಚಿತ್ರದಲ್ಲಿ ಒಂದು ಎಲೆ ಇದೆ. ಅದರ ಕೆಳಗೆ ಹಿಡ್ಕೊಂಡು ಹೋಗಿರ್ಬೇಕು. ಇಲ್ಲಾಂದ್ರೆ ಮನೆಗೆ ಹೋಗೋವಾಗ ಬರೀ ನೀರು ಇರುತ್ತೆ.”

ಟೀಚರ್ ಮಳೆ ಶುರುವಾದಲ್ಲಿಂದ ಮತ್ತೆ ಓದಿದರು. ಆಮೇಲೆ ಐದು ಪ್ರಶ್ನೆ. ಚೂಟಿ ಮೂರಕ್ಕೆ ಸರಿಯಾಗಿ ಹೇಳಿದಳು. ಒಂದಕ್ಕೆ ತಪ್ಪಿದಳು. ಐದನೆಯದಕ್ಕೆ, ಇರುವೆ ಎಂಥ ಪ್ರಾಣಿ ಎಂದು ಕೇಳಿದ್ದಕ್ಕೆ, “ಕಷ್ಟಪಡುತ್ತೆ, ಆದ್ರೆ ಯಾರನ್ನೂ ಕೇಳಲ್ಲ, ನಮ್ಮಜ್ಜಿ ಥರ” ಎಂದಳು. ಅದು ಸರಿಯೋ ತಪ್ಪೋ ಎಂದು ಟೀಚರ್ ಪೆನ್ನು ಎತ್ತಿ ಬಹಳ ಹೊತ್ತು ಹಿಡಿದಿದ್ದರು. ಕೊನೆಗೆ ಹಾಳೆಯನ್ನು ಮಡಚಿದರು.

“ಮೂರನೇ ಕ್ಲಾಸಿಗೆ ಕಳಿಸ್ತೀನಿ. ಅಲ್ಲಿನ ಟೀಚರ್‌ಗೆ ಮಾತ್ರ ಮೊದಲೇ ಒಂದು ಮಾತು ಹೇಳಿಟ್ಟಿರ್ತೀನಿ.”

ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾದೆವು. ಚೂಟಿ ಪೆನ್ಸಿಲಿನಿಂದ ಕಬ್ಬಿಣದ ಕಂಬಕ್ಕೆ ತಟ್ಟುತ್ತಾ, ಹೋಗುವ ಲಾರಿಗಳನ್ನು ನಿಲ್ಲಿಸಲು ನೋಡುತ್ತಿದ್ದಳು. ರೈಲಕ್ಕ ಕಲ್ಲುಬೆಂಚಿನಿಂದ ಕಂಬಕ್ಕೆ, ಕಂಬದಿಂದ ಬೆಂಚಿಗೆ. ಕೆಲಸ ಆಯಿತಲ್ಲ, ಇನ್ನಾದರೂ ಕೂರಿ ಎಂದೆ, ಕೇಳಿಸಿಕೊಳ್ಳಲಿಲ್ಲ. ಇಸ್ತ್ರಿ ಅಂಗಿ ಹಾಕಿದ ದಿನ ನನಗೆ ಯಾರನ್ನಾದರೂ ಸಂದರ್ಶನ ಮಾಡಬೇಕೆನ್ನಿಸುತ್ತದೆ. ಜೊತೆಗೆ ಒಳಗೊಳಗೇ ಒಂದು ಸಣ್ಣ ಆಸೆಯೂ ಇತ್ತು.

“ಅಕ್ಕ, ಮೂವತ್ತೊಂದು ವರ್ಷದಲ್ಲಿ ಸಾವಿರಾರು ಪುಸ್ತಕ ಓದಿದೀರಿ. ದೊಡ್ಡ ದೊಡ್ಡೋರದು, ಆಮೇಲೆ ನಮ್ಮಂಥವರದು. ಅಷ್ಟರಲ್ಲಿ ನಿಮಗೆ ತುಂಬಾ ಹಿಡಿಸಿದ್ದು ಯಾವುದು?”

ರೈಲಕ್ಕ ಕಂಬದ ಹತ್ತಿರ ನಿಂತು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಓದಿರೋದು ಆಮೆದೊಂದೇ ಕಣಪ್ಪ. ಅದ್ರಲ್ಲೂ ಮಫ್ಲರ್ ಎಲ್ಲಿ ಹೋಗುತ್ತೆ ಅಂತ ನಿಮ್ಮ ಕೈಲಿ ಹೇಳೋಕಾಗ್ಲಿಲ್ಲ.”